ಕಿಟಕಿಯ ಸೈನಿಕನಿಗೆ ಮಾವ ಕೊಟ್ಟ ಮಾತು

ನಮ್ಮ ಮನೆಯಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ ಯಾರೂ ಜೋರಾಗಿ ಮಾತನಾಡುವಂತಿರಲಿಲ್ಲ. ಆ ಹೊತ್ತಿಗೆ ಅಪ್ಪಯ್ಯ ಮಲಗಿರುತ್ತಿದ್ದರು. ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿಗೆ ಅವರು ಮ್ಯಾನೇಜರ್. ಬೆಳಗಿನ ಇಡ್ಲಿ ಬೇಯುವ ಮುಂಚೆ ಹೋಗಿ, ಊಟದ ಗಿರಾಕಿಗಳು ಕರಗಿದ ಮೇಲೆ ಬಂದು, ಸಂಜೆಯ ತಿಂಡಿಯ ಹೊತ್ತಿಗೆ ಮತ್ತೆ ಹೋಗುತ್ತಿದ್ದರು. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಮೂರನೇ ಮಾಳಿಗೆ, ಹೊರಗೆ ಏಳು ಮನೆಗಳಿಗೂ ಸೇರಿದ ಉದ್ದದ ಗ್ಯಾಲರಿ. ಕೋಣೆಯಲ್ಲಿ ಗೋಡೆಗೆ ತಾಗಿ ಅಪ್ಪಯ್ಯನ ಮಂಚ, ಅದರ ಕಾಲಬಳಿ ಅಮ್ಮನ ಹೊಲಿಗೆ ಮಿಷನ್, ಬಾಗಿಲ ಹತ್ತಿರ ಶೀನ ಮಾವನ ಚಾಪೆ. ಇಷ್ಟರ ನಡುವೆ ಉಳಿದ ಜಾಗ ನನ್ನದು. ಅದನ್ನು ಜಾಗ ಎಂದು ಕರೆಯುವುದೂ ಸ್ವಲ್ಪ ಉದಾರವಾದ ಮಾತೇ. ಯಾರಾದರೂ ನೀರು ಕುಡಿಯಲು ಎದ್ದರೆ ನಾನು ಕಾಲು ಮಡಚಿಕೊಳ್ಳಬೇಕಿತ್ತು.

ಶೀನ ಮಾವ ಅಮ್ಮನ ಅಣ್ಣ. ಮದುವೆಯಾಗಿರಲಿಲ್ಲ. ಕುಂದಾಪುರದ ಕಡೆಯಿಂದ ಅಪ್ಪಯ್ಯನನ್ನು ಮುಂಬೈಗೆ ಕರೆತಂದವರೇ ಅವರು. ಒಂದೇ ಹೋಟೆಲಿನಲ್ಲಿ ಅಪ್ಪಯ್ಯ ಕೌಂಟರಿಗೆ, ಮಾವ ಅಡುಗೆಮನೆಗೆ ದೊಡ್ಡವರಾಗಿ ಬಹಳ ಕಾಲ ಇದ್ದರು. ಒಂದು ಬೆಳಿಗ್ಗೆ ಒಬ್ಬ ಗಿರಾಕಿ ಸಾಂಬಾರ್ ಹುಳಿಯಾಗಿದೆ ಎಂದ. ಅಪ್ಪಯ್ಯ ಬಂದು ಒಂದು ಚಮಚ ಬಾಯಿಗೆ ಹಾಕಿಕೊಂಡು, ಏನೂ ಹೇಳದೆ, ಕೆಲಸದವರೆಲ್ಲ ನೋಡುತ್ತಿರುವಾಗ ಇಡೀ ಪಾತ್ರೆಯ ಸಾಂಬಾರನ್ನು ಮೋರಿಗೆ ಸುರಿಸಿದರು. ಮಾವ ಸೊಂಟಕ್ಕೆ ಕಟ್ಟಿದ್ದ ಅಡುಗೆಯ ಬಟ್ಟೆ ಬಿಚ್ಚಿ ಗೂಟಕ್ಕೆ ತೂಗುಹಾಕಿ ಹೊರಟು ಹೋದರು. ಮರುದಿನ ದಾದರಿನ ಬೇರೊಂದು ಹೋಟೆಲಿನಲ್ಲಿ ಬೆಳಗಿನ ಪಾಳಿಗೆ ಸೇರಿದರು. ಆದರೆ ಮನೆ ಬಿಡಲಿಲ್ಲ, ಅಮ್ಮ ಬಿಡಗೊಡಲಿಲ್ಲ. ಅಂದಿನಿಂದ ಅವರಿಬ್ಬರ ನಡುವೆ ಮಾತು ನಿಂತಿತು. ನಾಲ್ಕು ವರ್ಷ, ಒಂದೇ ಕೋಣೆಯಲ್ಲಿ, ಒಬ್ಬರ ಗೊರಕೆ ಇನ್ನೊಬ್ಬರು ಕೇಳುತ್ತಾ. ವಾರದ ರಜೆಯ ದಿನ ಮಾವ ಮನೆಯಲ್ಲಿ ಅಡುಗೆ ಮಾಡಿದರೆ ಅಪ್ಪಯ್ಯ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದರು, ಚೆನ್ನಾಗಿದೆ ಎಂಬ ಒಂದು ಮಾತು ಬಾಯಿಂದ ಬೀಳದಂತೆ ನೋಡಿಕೊಳ್ಳುತ್ತಿದ್ದರು. ಇಬ್ಬರ ನಡುವೆ ಆಗಲೇಬೇಕಾದ ಮಾತಿಗೆ ನಾನಿದ್ದೆ.

"ಸುಮಾ, ನಿನ್ ಮಾವನಿಗೆ ಹೇಳ್, ನಳ್ಳಿಯಲ್ಲಿ ನೀರ್ ಬಂತ್ ಅಂದೇಳಿ."

"ಸುಮಾ, ನಿನ್ ಅಪ್ಪಯ್ಯನಿಗೆ ಹೇಳ್, ಬಾಲ್ದಿ ಆಗ್ಳೇ ಇಟ್ಟಾಯ್ತ್ ಅಂದೇಳಿ."

ಇಬ್ಬರೂ ಎರಡು ಮಾರು ದೂರದಲ್ಲಿ ಇರುತ್ತಿದ್ದರು. ಇಬ್ಬರಿಗೂ ಕಿವಿ ಸರಿಯಿತ್ತು. ಆದರೂ ನಾನು ಎದ್ದು ಹೋಗಿ ಅದೇ ಮಾತನ್ನು ಮತ್ತೆ ಹೇಳಬೇಕು. ಹೇಳದೆ ಹೋದರೆ ಕೇಳಿಸದವರ ಹಾಗೆ ಕೂತಿರುತ್ತಿದ್ದರು. ಪರೀಕ್ಷೆಗೆ ಓದುತ್ತಿದ್ದರೂ, ಜಡೆ ಹಾಕಿಸಿಕೊಳ್ಳುತ್ತಿದ್ದರೂ, ಬಾಯಲ್ಲಿ ಅನ್ನವಿದ್ದರೂ ಇದೇ ಕೆಲಸ. ಹನ್ನೊಂದನೆಯ ವಯಸ್ಸಿಗೆ ನನಗೆ ಈ ಇಬ್ಬರು ಗಂಡಸರಿಂದಲೂ ಸಾಕುಸಾಕಾಗಿ ಹೋಗಿತ್ತು. ಪ್ರೀತಿ ಇರಲಿಲ್ಲ ಎಂದಲ್ಲ. ಅವರು ಮಾತಾಡಿಕೊಂಡರೆ ನಾನು ಬಿಡುಗಡೆಯಾಗುತ್ತೇನೆ ಎಂಬುದೊಂದೇ ಆಗ ನನ್ನ ತಲೆಯಲ್ಲಿ ಇದ್ದದ್ದು. ಅಮ್ಮನಿಗೂ ಅದೇ ಆಸೆ, ಅವಳದು ದೇವರ ಎದುರು ದೀಪ ಹಚ್ಚುವಾಗ ಬಾಯಲ್ಲೇ ಗೊಣಗುವ ಆಸೆ.

ಆ ವರ್ಷ ಹೋಟೆಲಿನ ಕೌಂಟರಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದು ರಿಕ್ಷಾದಲ್ಲಿ ಅಪ್ಪಯ್ಯನ ತೊಡೆಯ ಮೇಲೆ ಕೂತು ನಮ್ಮ ಮನೆಗೆ ಬಂತು. ಇಡಲು ಬೇರೆ ಎಲ್ಲೂ ಜಾಗವಿಲ್ಲದೆ ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ ಇಟ್ಟೆವು. ಅದನ್ನು ಸರಿಮಾಡಲು ಬಂದ ರಿಪೇರಿಯವನು ಮಗುವಿಗೆ ಇರಲಿ ಎಂದು ಒಂದು ಆಟ ಹಾಕಿಕೊಟ್ಟು ಹೋದ. ಅಮ್ಮ ಇಸ್ಪೀಟೋ ಕಾರಿನ ಓಟವೋ ಇರಬೇಕು ಎಂದುಕೊಂಡಳು. ಅದು ಯುದ್ಧ. ಯಾವ ದೇಶ, ಯಾರ ಮೇಲೆ ಯಾರು, ನನಗೆ ಇಂದಿಗೂ ಗೊತ್ತಿಲ್ಲ. ಹಿಮ ಬೀಳುವ ಒಂದು ಊರು, ಮುರಿದ ಮನೆಗಳು, ಬೂದು ಬಣ್ಣದ ಆಕಾಶ, ನನ್ನ ಕೈಯಲ್ಲಿ ಉದ್ದದ ಬಂದೂಕು. ಅಪ್ಪಯ್ಯ ಮಲಗುವ ಹೊತ್ತೇ ನನಗೆ ಆಡಲು ಸಿಗುವ ಹೊತ್ತಾದ್ದರಿಂದ ಸ್ಪೀಕರ್ ಯಾವತ್ತೂ ಬಂದ್. ಬಾಂಬು ಬೀಳುತ್ತಿತ್ತು, ಗೋಡೆ ಕುಸಿಯುತ್ತಿತ್ತು, ಮನುಷ್ಯರು ಬಾಯಿ ತೆರೆದು ಬೀಳುತ್ತಿದ್ದರು. ಕೇಳುತ್ತಿದ್ದದ್ದು ಅಪ್ಪಯ್ಯನ ಗೊರಕೆ ಮತ್ತು ಪಕ್ಕದ ಮನೆಯ ಕುಕ್ಕರಿನ ಸೀಟಿ. ಆಡುವಾಗ ನನಗೇ ತಿಳಿಯದೆ ಕಾಲು ಹೊಲಿಗೆ ಮಿಷನ್ನಿನ ಪೆಡಲನ್ನು ತುಳಿಯುತ್ತಿತ್ತು. ಆ ಯುದ್ಧವನ್ನೆಲ್ಲ ನಾನು ಹೊಲಿಯುತ್ತಾ ಮಾಡಿದೆ ಎಂದು ಅಮ್ಮ ಈಗಲೂ ನಗುತ್ತಾಳೆ.

ಈಗ ನನ್ನ ಮಗನಿಗೆ ಹದಿಮೂರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಯಾವುದೋ ಊರಿನ ಮುಖ ಕಾಣದ ಹುಡುಗರ ಜೊತೆ ಸೇರಿ ದಿನಾ ಒಂದು ಸೈನ್ಯವನ್ನು ಮುಗಿಸುತ್ತಾನೆ. ಅವನ ಗೆಳೆಯರ ತಾಯಂದಿರು ಕೇಳುತ್ತಾರೆ, ಇದರಲ್ಲಿ ಅಂಥಾದ್ದೇನಿದೆ, ಮಕ್ಕಳು ಕ್ರೂರಿಗಳಾಗುವುದಿಲ್ಲವೇ ಎಂದು. ನಾನು ತಿಳಿದವಳಂತೆ ಏನೂ ಹೇಳುವುದಿಲ್ಲ, ಯಾಕೆಂದರೆ ನನಗೆ ತಿಳಿಯದು. ನನ್ನದನ್ನು ಮಾತ್ರ ಹೇಳಬಲ್ಲೆ. ಗುರಿ ಸರಿಯಾಗಿ ಕೂತು, ದೂರದಲ್ಲಿ ಒಬ್ಬ ಕುಸಿದಾಗ ನನಗೆ ಖುಷಿಯಾಗುತ್ತಿತ್ತು. ಅದರಲ್ಲಿ ಮುಚ್ಚಿಡುವಂಥಾದ್ದೇನಿಲ್ಲ. ಬೆರಳಿನ ತುದಿಯಿಂದ ಮೊಣಕೈವರೆಗೆ ಒಂದು ಸಣ್ಣ ಹಿತ. ಆದರೆ ಅದಕ್ಕಿಂತ ಹೆಚ್ಚಿನ ಖುಷಿ ಆಮೇಲಿನದು. ಒಂದು ಮನೆಯೊಳಗಿನ ಶತ್ರುಗಳೆಲ್ಲ ಸತ್ತ ಮೇಲೆ ಆ ಮನೆ ಖಾಲಿಯಾಗುತ್ತಿತ್ತು. ಆಗ ನಾನು ಒಳಗೆ ಹೋಗಿ ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದೆ. ಎಷ್ಟು ದೊಡ್ಡ ಕೋಣೆಗಳು! ಒಂದು ಮೇಜು, ಅದರ ಮೇಲೆ ತಟ್ಟೆ, ಒಂದು ಅರ್ಧ ಸುಟ್ಟ ಪರದೆ, ಮೇಲಕ್ಕೆ ಹೋಗುವ ಮೆಟ್ಟಿಲು. ಯಾರೂ ನನ್ನನ್ನು ಕರೆಯುವುದಿಲ್ಲ, ಯಾರಿಗೂ ಏನನ್ನೂ ಹೇಳಿ ಬರಬೇಕಾಗಿಲ್ಲ. ಕಿಟಕಿಯ ಬಳಿ ಸುಮ್ಮನೆ ನಿಂತು ಹಿಮ ನೋಡುತ್ತಿದ್ದೆ. ಮೂರು ಜನ ದೊಡ್ಡವರ ಕಾಲ ನಡುವೆ ಬೆಳೆದ ಹುಡುಗಿಗೆ ಒಂದು ಖಾಲಿ ಕೋಣೆ ಸಿಕ್ಕಿತ್ತು, ಅದನ್ನು ಪಡೆಯಲು ಒಳಗಿದ್ದವರನ್ನೆಲ್ಲ ಕೊಲ್ಲಬೇಕಿತ್ತು, ಅಷ್ಟೇ. ಇದು ಆಗ ನನಗೆ ವಿಚಿತ್ರವಾಗಿ ಕಂಡಿರಲಿಲ್ಲ.

ಅಮ್ಮನಿಗೆ ಬೇರೆಯೇ ಪ್ರಶ್ನೆ. ಮೊರದಲ್ಲಿ ಅಕ್ಕಿ ಆರಿಸುತ್ತಾ ನನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ ಪಿಸುಗುಟ್ಟಿದಳು.

"ಇಷ್ಟ್ ಮನೆ ಒಡ್ದ್ ಹಾಕಿರಲೆ, ಇದ್ರೊಳ್ಗೆ ಇದ್ದೋರೆಲ್ಲ ಎಲ್ಲಿಗ್ ಹೋದ್ರ್?"

ನಾನು ಆಮೇಲೆ ಹುಡುಕಿದೆ. ಆ ಊರಿನಲ್ಲಿ ಹೆಂಗಸರಿಲ್ಲ, ಮಕ್ಕಳಿಲ್ಲ, ಒಲೆ ಇರುವ ಒಂದು ಅಡುಗೆಮನೆಯೂ ಇಲ್ಲ. ತಟ್ಟೆಗಳಿದ್ದವು, ಅಡುಗೆ ಮಾಡಿದವರು ಇರಲಿಲ್ಲ.

ಶೀನ ಮಾವನ ವಿಷಯ ಬೇರೆ. ಅವರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಮೇಲೆ ಬಿಳಿ ಪಂಚೆ ಉಟ್ಟು ಎದುರುಬದುರು ಕೂತವರು ತಮ್ಮ ತಮ್ಮ ಪಾತ್ರವಾಗಿ ಬರೀ ಮಾತಿನಲ್ಲೇ ವಾದಿಸುವ ಆಟ. ಭಾನುವಾರಗಳಲ್ಲಿ ದಾದರಿನ ಒಂದು ಹಾಲಿನಲ್ಲಿ ನಡೆಯುತ್ತಿತ್ತು. ಮಾವನಿಗೆ ಯಾವಾಗಲೂ ಕೊನೆಗೆ ಸಾಯುವವನ ಪಾತ್ರ. ಅವರೇ ಕೇಳಿ ತೆಗೆದುಕೊಳ್ಳುತ್ತಿದ್ದರು. ಗೆಲ್ಲುವವನಿಗೆ ಹೆಚ್ಚು ಮಾತು ಬೇಡ, ಸಾಯುವವನಿಗೇ ಹೇಳಲು ಬಹಳ ಇರುತ್ತದೆ ಎನ್ನುತ್ತಿದ್ದರು. ಒಂದು ಕಾಲದಲ್ಲಿ ಎದುರಿಗೆ ಕೂರುತ್ತಿದ್ದವರು ಅಪ್ಪಯ್ಯ. ಮಾವನ ವಾದವನ್ನು ಕತ್ತರಿಸಬಲ್ಲವರು ಅವರೊಬ್ಬರೇ ಎಂದು ಜನ ಹೇಳುತ್ತಿದ್ದರಂತೆ. ಸಾಂಬಾರು ಮೋರಿಗೆ ಹೋದ ಮೇಲೆ ಅಪ್ಪಯ್ಯ ಆ ಹಾಲಿನ ಮೆಟ್ಟಿಲು ಹತ್ತಲಿಲ್ಲ.

ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದ ಮಾವ ಚಾಪೆ ಬಿಡಿಸದೆ ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಪರದೆಯ ಮೇಲೆ ಎರಡನೇ ಮಾಳಿಗೆಯ ಒಂದು ಕಿಟಕಿ. ಅದರಲ್ಲಿ ಒಬ್ಬ ಸೈನಿಕ ಮೂರು ಹೆಜ್ಜೆ ಅತ್ತ, ಮೂರು ಹೆಜ್ಜೆ ಇತ್ತ ತಿರುಗುತ್ತಿದ್ದ. ನಾನು ದೂರದ ಗೋಡೆಯ ಹಿಂದೆ ಅಡಗಿ ಬಂದೂಕಿನ ದುರ್ಬೀನಿನಲ್ಲಿ ಅವನನ್ನು ಹಿಡಿದಿದ್ದೆ. ಅಲ್ಲಿ ಅಡಗಿದರೆ ಅವನಿಗೆ ನಾನು ಕಾಣುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ನೋಡುತ್ತಾ ಇರಬಹುದು.

"ಅಂವ ಯಾರ್?" ಎಂದು ಮಾವ ಕೇಳಿದರು.

"ದುಶ್ಮನ್."

"ಎಂತ ತಪ್ಪ್ ಮಾಡಿದ?"

"ಗೊತ್ತಿಲ್ಲ ಮಾವ. ಆಟದಲ್ಲಿ ಮಿಷನ್ ಅಂತ ಇತ್. ಮಾರ್ನಾ ಹೈ, ಬಸ್. ಕೊಲ್ಲುದ್, ಅಷ್ಟೇ."

"ಒಂದ್ ಮಾತಾಡದ್ದೇ ಸಾಯುದಾ ಅಂವ?"

ಮಾವನ ಮುಖದಲ್ಲಿ ನಿಜವಾಗಿ ನೋವಿತ್ತು. ರಕ್ತ ಕಂಡು ಅಲ್ಲ, ಅದರ ಬಗ್ಗೆ ಅವರಿಗೆ ಏನೂ ಅನಿಸಿದಂತಿರಲಿಲ್ಲ. ಕ್ರಮ ತಪ್ಪಿದ್ದು ಅವರಿಗೆ ಸಹಿಸಲಾಗಲಿಲ್ಲ. ಅವರು ಬೆಳೆದ ಆಟದಲ್ಲಿ ಎಂಥ ಪಾಪಿಯೂ ಒಂದು ಗಂಟೆ ತನ್ನ ಪರವಾಗಿ ವಾದಿಸದೆ ಬಾಣ ತಿನ್ನುವುದಿಲ್ಲ. ಅವರು ಬೆನ್ನು ನೆಟ್ಟಗೆ ಮಾಡಿ, ಪಂಚೆ ಸರಿಪಡಿಸಿ, ಅಪ್ಪಯ್ಯನಿಗೆ ಎಚ್ಚರವಾಗದ ಹಾಗೆ ಪಿಸುದನಿಯಲ್ಲಿ, ಆದರೆ ಹಾಲಿನಲ್ಲಿ ಮಾತನಾಡುವ ಅದೇ ಠೀವಿಯಲ್ಲಿ ಶುರುಮಾಡಿದರು.

"ಎಲೈ, ಗೋಡೆಯ ಮರೆಯಲ್ಲಿ ಅಡಗಿ ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿರುವವಳೇ, ನೀನು ಯಾರು? ನಿನ್ನ ಮನೆಯ ಅಂಗಳಕ್ಕೆ ನಾನು ಕಾಲಿಟ್ಟೆನೇ? ಇಲ್ಲವಲ್ಲ. ನಾನು ನಿಂತದ್ದು ನನ್ನ ಕಿಟಕಿಯಲ್ಲಿ. ಈ ಚಳಿಯಲ್ಲಿ ಮೂರು ಹೆಜ್ಜೆ ಹೋಗಿ ಮೂರು ಹೆಜ್ಜೆ ಬರುವುದು ನನಗೆ ಒಪ್ಪಿಸಿದ ಕೆಲಸ. ಕೆಲಸ ಮಾಡುವವನನ್ನು ಕೊಂದು ನೀನು ಗಳಿಸುವುದೇನು?"

ನಗು ತಡೆಯಲು ನಾನು ಬಾಯಿಗೆ ಫ್ರಾಕಿನ ಅಂಚು ತುರುಕಿಕೊಂಡೆ. ಆಮೇಲೆ ಗುಂಡು ಹೊಡೆದೆ. ಮಾವ ತಲೆ ತಗ್ಗಿಸಿ ಚಾಪೆ ಬಿಡಿಸಲು ಎದ್ದರು. ಮರುದಿನದಿಂದ ಅದೊಂದು ಪದ್ಧತಿಯಾಯಿತು. ಬೇರೆಯವರನ್ನು ನಾನು ಹೇಗೆ ಬೇಕಾದರೂ ಕೊಲ್ಲಬಹುದು. ಕಿಟಕಿಯವನನ್ನು ಮಾತ್ರ ಮಾವನ ಅರ್ಥ, ಅಂದರೆ ಅವನ ಪರವಾಗಿ ಆಡುವ ಮಾತು, ಮುಗಿಯದೆ ಮುಟ್ಟುವಂತಿಲ್ಲ. ದಿನಾ ಆಟವನ್ನು ಅಲ್ಲಿಂದಲೇ ಶುರುಮಾಡುತ್ತಿದ್ದೆ. ಮಾವ ಅವನಿಗೆ ಒಂದು ಊರು ಕೊಟ್ಟರು, ಒಬ್ಬ ತಂಗಿಯನ್ನು ಕೊಟ್ಟರು, ಅವನು ಸೈನ್ಯಕ್ಕೆ ಸೇರುವ ಮುಂಚೆ ಅಡುಗೆಯವನಾಗಿದ್ದ ಎಂದರು. ವಿಚಿತ್ರವೆಂದರೆ, ಅವನ ಬಗ್ಗೆ ಇಷ್ಟೆಲ್ಲ ತಿಳಿದ ಮೇಲೂ ಅವನನ್ನು ಕೊಲ್ಲುವ ಖುಷಿ ನನಗೆ ಕಡಿಮೆಯಾಗಲಿಲ್ಲ. ಹೆಚ್ಚಾಯಿತು. ಯಾರೋ ಒಬ್ಬನನ್ನು ಹೊಡೆಯುವುದಕ್ಕಿಂತ ಗೊತ್ತಿರುವವನನ್ನು ಹೊಡೆಯುವುದರಲ್ಲಿ ರುಚಿ ಜಾಸ್ತಿ ಎಂದು ಹನ್ನೊಂದನೆಯ ವಯಸ್ಸಿನಲ್ಲಿ ತಿಳಿದುಕೊಂಡೆ. ಇದನ್ನು ಬರೆಯುವಾಗ ನನಗೇ ಸ್ವಲ್ಪ ಹೆದರಿಕೆಯಾಗುತ್ತದೆ.

ಒಂದು ದಿನ ಮಾವ ಸೈನಿಕನಾಗಿ, ಕಾಯುವವನ ಕಷ್ಟವನ್ನು ಒಳಗೆ ಕೂತು ಉಣ್ಣುವವರು ಅರಿಯರು ಎಂದೇನೋ ಹೇಳುತ್ತಿದ್ದರು. ಮಂಚದ ಮೇಲೆ ಗೊರಕೆ ನಿಂತಿತ್ತು. ನಾವು ಗಮನಿಸಿರಲಿಲ್ಲ. ಗೋಡೆಯ ಕಡೆಗೆ ಮುಖಮಾಡಿ ಮಲಗಿದ್ದ ಅಪ್ಪಯ್ಯನ ದನಿ ಕೇಳಿತು. ನಿದ್ದೆಯ ದನಿಯಲ್ಲ, ಪಾತ್ರದ ದನಿ.

"ಎಲವೋ ಕಿಟಕಿಯವನೇ, ಕಾಯುವುದು ನಿನ್ನ ಕೆಲಸವೆಂದೆ. ಒಪ್ಪಿದೆ. ಆ ಕೆಲಸವನ್ನು ನಡುವಿನಲ್ಲೇ ಬಿಟ್ಟು ಹೋದವನು ನೀನೇ ಅಲ್ಲವೇ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಾನು ಮಾವನ ಮುಖ ನೋಡಿದೆ, ಅಪ್ಪಯ್ಯನ ಬೆನ್ನು ನೋಡಿದೆ. ಅಭ್ಯಾಸಬಲದಿಂದ, ಅಪ್ಪಯ್ಯ ಹೇಳಿದ್ದನ್ನು ಮಾವನಿಗೆ ಮತ್ತೆ ಹೇಳಬೇಕೇನೋ ಎಂದು ಬಾಯಿ ತೆರೆದೆ ಕೂಡ. ಬೇಕಾಗಲಿಲ್ಲ. ಮಾವ ಗಂಟಲು ಸರಿಮಾಡಿಕೊಂಡು, ನಾಲ್ಕು ವರ್ಷಗಳಲ್ಲಿ ಮೊದಲ ಸಲ ಅಪ್ಪಯ್ಯನ ಮಾತಿಗೆ ನೇರವಾಗಿ ಉತ್ತರ ಕೊಟ್ಟರು. ಸೈನಿಕನಾಗಿ, ನಿಜ. ಅಪ್ಪಯ್ಯನೂ ಯಾವ ಸೈನ್ಯವೆಂದು ಗೊತ್ತಿಲ್ಲದ ಸೈನ್ಯದ ಒಬ್ಬ ದಳಪತಿಯಾಗಿದ್ದರು. ಆದರೆ ಮಾತು ಬಂದದ್ದು ಒಬ್ಬರ ಬಾಯಿಂದ, ಹೋದದ್ದು ಇನ್ನೊಬ್ಬರ ಕಿವಿಗೆ.

ಅದು ಐದಾರು ಮಧ್ಯಾಹ್ನ ನಡೆಯಿತು. ಅಪ್ಪಯ್ಯ ಒಮ್ಮೆಯೂ ಈ ಕಡೆ ತಿರುಗಲಿಲ್ಲ, ಮಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಐದು ಗಂಟೆಗೆ ಎದ್ದು ಮುಖ ತೊಳೆದ ಅಪ್ಪಯ್ಯ ಮತ್ತೆ ಹಳೆಯ ಅಪ್ಪಯ್ಯನೇ, ಟವೆಲ್ ಬೇಕಾದರೆ ನಾನೇ ಮಾವನಿಗೆ ಹೇಳಬೇಕು. ನಾನು ಕಿಟಕಿಯವನನ್ನು ದುರ್ಬೀನಿನಲ್ಲಿ ಹಿಡಿದುಕೊಂಡು, ಹೊಡೆಯದೆ ಕೂತಿರುತ್ತಿದ್ದೆ. ಈಗ ನಡೆಯುತ್ತಿದ್ದದ್ದು ದಿನದಿಂದ ದಿನಕ್ಕೆ ಮುಂದುವರಿಯುವ ಒಂದೇ ವಾದ. ಅವನು ಸತ್ತರೆ ಮಾವನ ಪಾತ್ರ ಮುಗಿಯುತ್ತದೆ ಎಂಬುದು ನಾಲ್ವರಿಗೂ ಗೊತ್ತಿತ್ತು. ಅಮ್ಮ ಮಿಕ್ಸರ್ ಹಾಕುವುದನ್ನು ನಿಲ್ಲಿಸಿ ಚಟ್ನಿಯನ್ನು ಸಂಜೆಗೆ ಮುಂದೂಡಿದಳು. ಶಾಲೆಯಿಂದ ಬಂದ ನನ್ನನ್ನು ಅಡುಗೆಮನೆಗೆ ಕರೆದು ಕೈಹಿಡಿದು ಹೇಳುತ್ತಿದ್ದಳು.

"ಅವ್ನನ್ನ ಹೊಡಿಬ್ಯಾಡ ಮಗಾ. ಇನ್ನೊಂದ್ ನಾಲ್ಕ್ ದಿನ ಇರ್ಲಿ ಅಂವ."

ಕೊನೆಯ ದಿನ ಮಾವನ ದನಿ ಪಿಸುಮಾತಿನಿಂದ ಮೇಲೆ ಬಂದಿತ್ತು. ಸೈನಿಕ ಎನ್ನುವುದು ಬರೀ ಹೆಸರಿಗೆ ಉಳಿದಿತ್ತು.

"ದಳಪತಿಯೇ, ನಾನು ತಪ್ಪಿದ್ದರೆ ಮರೆಗೆ ಕರೆದು ಹೇಳಬಹುದಿತ್ತು. ನಿನ್ನ ಬೈಗುಳವನ್ನು ಊಟದಂತೆ ಉಣ್ಣುತ್ತಿದ್ದೆ. ಇಡೀ ಪಾಳೆಯ ನೋಡುತ್ತಿರುವಾಗ ನನ್ನ ಕೈಯ ಕೆಲಸವನ್ನು ಮಣ್ಣಿಗೆ ಸುರಿದೆಯಲ್ಲ, ಯಾಕೆ? ವಾದ ಬೇಡ, ಅಲಂಕಾರದ ಮಾತು ಬೇಡ. ಯಾಕೆ ಎಂಬುದಕ್ಕೆ ಒಂದು ಉತ್ತರ ಕೊಡು."

ಮಂಚ ಕಿರುಗುಟ್ಟಿತು. ಅಪ್ಪಯ್ಯ ಮಗ್ಗುಲು ತಿರುಗಿ, ಎದ್ದು ಕೂತು, ಮಾವನ ಕಡೆ ನೇರವಾಗಿ ನೋಡಿದರು. ಬಾಯಿ ತೆರೆದರು. ಕಿಟಕಿಯ ಸೈನಿಕ ಮೂರನೇ ಹೆಜ್ಜೆಗೆ ಬಂದು ಈಚೆ ತಿರುಗಿ ನಿಂತಿದ್ದ. ಅವನ ಹಣೆ ಸರಿಯಾಗಿ ನಡುವಿನಲ್ಲಿತ್ತು. ನಾನು ಹೊಡೆದೆ.

ಬೆರಳು ಜಾರಿತು ಎಂದು ಅಮ್ಮನಿಗೆ ಆಮೇಲೆ ಹೇಳಿದೆ. ಸುಳ್ಳು. ಹೊಡೆಯಬೇಕೆಂದೇ ಹೊಡೆದೆ. ಆ ಹಣೆ ಅಷ್ಟು ಚೆನ್ನಾಗಿ ಸಿಕ್ಕಿತ್ತು ಎಂಬುದು ಒಂದು ಕಾರಣ. ಇನ್ನೊಂದು, ಆ ಇಬ್ಬರ ಮುಖಗಳನ್ನು ಹಾಗೆ ಎದುರುಬದುರಾಗಿ ನೋಡಲು ನನ್ನಿಂದ ಆಗಲಿಲ್ಲ. ಉತ್ತರ ಏನು ಬರುತ್ತದೋ, ಅದರಿಂದ ಇನ್ನೆಷ್ಟು ವರ್ಷದ ಜಗಳವೋ. ಮನೆಯಲ್ಲಿ ಯಾವ ಜಗಳವೂ ಮುಗಿದದ್ದನ್ನು ನಾನು ಕಂಡಿರಲಿಲ್ಲ. ಆಟದಲ್ಲಿ ಒಂದು ಬೆರಳು ಒತ್ತಿದರೆ ಮುಗಿಯುತ್ತಿತ್ತು. ಯುದ್ಧದ ಆಟ ನನಗೆ ಯಾಕೆ ಇಷ್ಟವಾಗಿತ್ತು ಎಂದು ಯಾರಾದರೂ ಒತ್ತಿ ಕೇಳಿದರೆ ಆ ಕ್ಷಣವನ್ನೇ ತೋರಿಸುತ್ತೇನೆ. ಎಲ್ಲವೂ ಮುಗಿಯಲಿ ಎಂದಿತ್ತು ನನಗೆ, ಬೇಗ ಮುಗಿಯಲಿ, ಯಾರೂ ಏನೂ ಹೇಳದೆ.

ಮಾವ ಪರದೆಯ ಮೇಲೆ ಬಿದ್ದವನನ್ನು ನೋಡಿದರು. ಹಾಲಿನಲ್ಲಿ ಪಾತ್ರ ಸತ್ತ ಮೇಲೆ ಮಾಡುವ ಹಾಗೆ ಎರಡೂ ಕೈ ಜೋಡಿಸಿದರು.

"ಮುಗೀತ್. ನನ್ ಪಾತ್ರ ಮುಗೀತ್."

"ಇಲ್ಲ ಮಾವ, ವಾಪಸ್ ಬರ್ತ," ಎಂದೆ. "ಕಾಣಿ, ರೀಲೋಡ್ ಮಾಡ್ತೆ. ಅಂವ ಅಲ್ಲೇ ಇರ್ತ."

ಮಾಡಿದೆ. ಅವನು ಎದ್ದು ಬಂದು ಅದೇ ಕಿಟಕಿಯಲ್ಲಿ ಮೂರು ಹೆಜ್ಜೆ ಹಾಕತೊಡಗಿದ, ಏನೂ ಆಗಿಲ್ಲದವನಂತೆ. ಅಷ್ಟರಲ್ಲಿ ಮಾವ ಹೆಗಲಿಗೆ ಟವೆಲ್ ಹಾಕಿಕೊಂಡು ಗ್ಯಾಲರಿ ದಾಟಿ ಮೆಟ್ಟಿಲಿಳಿಯುತ್ತಿದ್ದರು. ಚಪ್ಪಲಿಯ ಸದ್ದು ಒಂದೊಂದೇ ಮಾಳಿಗೆ ಕೆಳಗೆ ಹೋಗುವುದು ಕೇಳಿಸಿತು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಕೈಯಲ್ಲಿದ್ದ ಮೊರವನ್ನು ನೆಲದ ಮೇಲಿಟ್ಟು ಅದರ ಪಕ್ಕ ಕೂತುಬಿಟ್ಟಳು. ನನಗೆ ಅಳು ಬಂತು.

ಅಪ್ಪಯ್ಯ ಮಂಚದ ಅಂಚಿನಲ್ಲಿ ಕೂತಿದ್ದರು. ಐದಕ್ಕೆ ಇನ್ನೂ ಸಮಯವಿತ್ತು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

"ಸುಮಾ, ಹೋಯಿ ನಿನ್ ಮಾವನಿಗೆ ಹೇಳ್. ಆವತ್ತ್ ಸಾಂಬಾರ್ ಸಮಾ ಇದ್ದಿತ್. ಹುಳಿ ಆಯ್ಲಿಲ್ಲ. ಆ ಗಿರಾಕಿ ಧಣಿಯ ದೋಸ್ತ. ನಾನ್ ಅವ್ನಿಗೆ ಹೆದ್ರಿ ಚೆಲ್ಸಿದೆ."

ನಾನು ಎದ್ದೆ. ಅಷ್ಟು ವರ್ಷ ಹೊತ್ತ ಮಾತುಗಳಲ್ಲಿ ಇಷ್ಟು ದೊಡ್ಡದು ಇರಲಿಲ್ಲ, ಓಡಿಹೋಗಿ ಮುಟ್ಟಿಸಿದರೆ ನಾನು ಮಾಡಿದ್ದಕ್ಕೆ ಪರಿಹಾರವೂ ಆಗುತ್ತಿತ್ತು. ಬಾಗಿಲವರೆಗೆ ಹೋದೆ. ಅಲ್ಲಿ ನಿಂತೆ. ಮಾವ ಕೇಳಿದ್ದು ನನ್ನನ್ನಲ್ಲ.

"ನಾನ್ ಹೇಳುದಿಲ್ಲ ಅಪ್ಪಯ್ಯ. ನೀವೇ ಹೇಳಿ."

ಅಪ್ಪಯ್ಯನಿಗೆ ಹಾಗೆ ಎದುರಾಡಿದ್ದು ಅದೇ ಮೊದಲು. ಏಟು ಬೀಳುತ್ತದೆ ಎಂದುಕೊಂಡು ಬಾಗಿಲಿನ ಚೌಕಟ್ಟು ಹಿಡಿದುಕೊಂಡೆ. ಅವರು ನನ್ನನ್ನು ನೋಡಿದರು, ಆಮೇಲೆ ಪರದೆಯನ್ನು. ಅಲ್ಲಿ ಸೈನಿಕ ತನ್ನ ಪಾಡಿಗೆ ತಿರುಗುತ್ತಿದ್ದ. ಅಪ್ಪಯ್ಯ ಗೂಟದಿಂದ ಅಂಗಿ ತೆಗೆದು, ತೋಳು ಸಿಗದೆ ಎರಡು ಸಲ ತಡಕಾಡಿ ಹಾಕಿಕೊಂಡು, ಗುಂಡಿ ಹಾಕುತ್ತಲೇ ನನ್ನನ್ನು ದಾಟಿ ಹೊರಗೆ ಹೋದರು.

ನಾನೂ ಅಮ್ಮನೂ ಗ್ಯಾಲರಿಯ ಕಟ್ಟೆಗೆ ಬಗ್ಗಿ ನಿಂತೆವು. ಕೆಳಗೆ ನೀರಿನ ಟಾಕಿಯ ಪಕ್ಕ ಮಾವ ಬೀಡಿ ಹಿಡಿದು ನಿಂತಿದ್ದರು. ಅಪ್ಪಯ್ಯ ಹೋಗಿ ಸ್ವಲ್ಪ ದೂರದಲ್ಲಿ ನಿಂತರು. ಮಾವ ಮುಖ ತಿರುಗಿಸಿದರು. ಅಪ್ಪಯ್ಯ ಇನ್ನೊಂದು ಹೆಜ್ಜೆ ಹತ್ತಿರ ಹೋಗಿ ಏನೋ ಹೇಳತೊಡಗಿದರು, ಮಾವ ಬೀಡಿ ಸೇದುವುದನ್ನು ಮರೆತು ನೆಲ ನೋಡುತ್ತಾ ನಿಂತರು.

"ಎಂತ ಹೇಳ್ತಿದ್ರ್ ಕೇಂತಾ?" ಎಂದು ಅಮ್ಮ ನನ್ನ ತೋಳು ಹಿಡಿದು ಕೇಳಿದಳು.

ಇಲ್ಲವೆಂದು ತಲೆಯಾಡಿಸಿದೆ. ಆ ನಾಲ್ಕು ವರ್ಷಗಳಲ್ಲಿ ಅವರಿಬ್ಬರ ನಡುವಿನ ಮಾತು ನನಗೆ ಕೇಳಿಸದೆ ಹೋದದ್ದು ಅದೇ ಮೊದಲು.